ಶನಿಯ ಚಂದ್ರನಾದ ಟೈಟನ್ನಿನ ಚಿತ್ರಗಳೂ ಅವುಗಳ ಅರ್ಥವಿಚಾರವೂ



೨೦೦೫ನೆಯ ಇಸವಿಯ ಜನವರಿ ೧೪ನೆಯ ದಿನ ಮಕರ ಸಂಕ್ರಮಣ. ಕನ್ನಡನಾಡಿನ ಮನೆಮನೆಗಳಲ್ಲಿ ಎಳ್ಳುಬೆಲ್ಲವನ್ನು ಹಂಚುತ್ತಿದ್ದ ಆ ದಿನದ ಸಂಜೆ, ಇಲ್ಲಿಯ ಗಡಿಯಾರದಲ್ಲಿ ಐದು ಗಂಟೆಯ ಸುಮಾರಿಗೆ, ಇಲ್ಲಿಂದ ನೂರಿಪ್ಪತ್ತು ಕೋಟಿ ಕಿಲೋಮೀಟರು ದೂರದಲ್ಲಿ, ಮನುಷ್ಯರು ಮಾಡಿ ಕಳುಹಿಸಿದ ಯಂತ್ರವೊಂದು ಶನಿಗ್ರಹದ ಚಂದ್ರನ ನೆಲವನ್ನು ಮುಟ್ಟಿತು. ಆ ವಾರ್ತೆಯನ್ನು ಹೊತ್ತ ರೇಡಿಯೋ ಅಲೆಯು ಬೆಳಕಿನ ವೇಗದಿಂದಲೇ ಧಾವಿಸಿ ಬಂದರೂ ಭೂಮಿಯನ್ನು ಸೇರುವುದಕ್ಕೆ ಅದಕ್ಕೆ ೬೭ ನಿಮಿಷಗಳು ಹಿಡಿದವು. ಮಕರರಾಶಿಗೆ ಶನಿಯೇ ಅಧಿಪತಿಯೆಂದು ಜ್ಯೋತಿಷಿಗಳು ಹೇಳುವುದುಂಟು. ಆದರೆ ದಿನವು ಹೀಗೆ ಕೂಡಿಬಂದುದು ಕೇವಲ ಕಾಕತಾಳೀಯ. ಯುರೋಪಿನ ಯಂತ್ರವಿದರು ಪಂಚಾಂಗವನ್ನು ತೆರೆದು ಮುಹೂರ್ತವಿಟ್ಟವರಲ್ಲ.

ಆ ಯಂತ್ರವು ಕಳುಹಿಸಿದ ಚಿತ್ರಗಳು ಇಂದು ಯಾರಿಗಾದರೂ ನೋಡಲು ದೊರೆಯುವುವು. ಅವು ಬೂದುಬಣ್ಣದ, ಮಸುಕಾದ, ಸಣ್ಣ ಚಿತ್ರಗಳು. ಒಂದರಲ್ಲಿ ಬೆಳ್ಳಗಿನ ಎತ್ತರದ ಪ್ರದೇಶ. ಅದರ ಮೈಮೇಲೆ ಮರದ ಕೊಂಬೆಗಳಂತೆ ಕವಲೊಡೆದ ಕಪ್ಪು ಗೆರೆಗಳು. ಆ ಗೆರೆಗಳೆಲ್ಲ ಕೂಡಿ ಇಳಿದುಹೋಗುವಲ್ಲಿ ಒಂದು ಕಪ್ಪು ಬಯಲು. ಇದನ್ನು ಕಂಡ ಯಾರೂ ನದಿ, ದಡ, ಸಮುದ್ರ ಎಂದು ಬೆರಳಿಟ್ಟು ತೋರಿಸುವರು. ಆದರೆ ಚಿತ್ರದೊಳಗೆ ನದಿಯೆಂದು ಬರೆದಿರುವುದಿಲ್ಲ. ಅಲ್ಲಿರುವುದು ಕಪ್ಪು ಗೆರೆ ಮಾತ್ರ. ಅದಕ್ಕೆ ನದಿಯೆಂಬ ಹೆಸರನ್ನು ಕೊಡುವವನು ನೋಡುವವನು.

ತರ್ಕಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತವು ಚಿರಪರಿಚಿತವಾದುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನ. ಆದರೆ ಮುಂಜಾನೆಯ ಮಂಜನ್ನು ಹೊಗೆಯೆಂದು ಭ್ರಮಿಸಿ ಅಲ್ಲಿ ಬೆಂಕಿಯುಂಟೆನ್ನುವವನ ಗತಿಯೇನು? ಅವನ ತರ್ಕದ ಸರಣಿಯಲ್ಲಿ ಲೋಪವಿಲ್ಲ. ಕಣ್ಣು ಒದಗಿಸಿದ ಹೇತುವೇ ಕೆಟ್ಟುದು. ಟೈಟನ್ ಎಂಬ ಈ ಚಂದ್ರನ ವಿಷಯದಲ್ಲಿ ವಿದ್ವಾಂಸರು ನಡೆಸಿದ ಕೆಲಸವೆಲ್ಲ ಬಹುಮಟ್ಟಿಗೆ ಹೀಗೆ ಮಂಜನ್ನೂ ಹೊಗೆಯನ್ನೂ ಬೇರ್ಪಡಿಸುವ ಕೆಲಸವೇ ಆಗಿದ್ದಿತು. ಅವರು ಯಾವ ಯಾವ ಚಿತ್ರವನ್ನು ಹೇಗೆ ಹೇಗೆ ಓದಿದರು, ಯಾವ ಓದು ನಿಂತಿತು, ಯಾವುದು ಬಿದ್ದಿತು ಎಂಬುದೇ ಈ ಉಪನ್ಯಾಸದ ವಿಷಯ.

ಟೈಟನ್ನನ್ನು ಮೊದಲು ಕಂಡವನು ಹಾಲೆಂಡ್ ದೇಶದ ಕ್ರಿಶ್ಚಿಯಾನ್ ಹೈಗೆನ್ಸ್. ೧೬೫೫ನೆಯ ಇಸವಿಯ ಮಾರ್ಚಿ ೨೫ರಂದು. ಅದರ ವ್ಯಾಸ ೫,೧೫೦ ಕಿಲೋಮೀಟರು, ಬುಧಗ್ರಹಕ್ಕಿಂತಲೂ ದೊಡ್ಡದು. ಸುಮಾರು ಹದಿನಾರು ದಿನಗಳಿಗೊಮ್ಮೆ ಅದು ಶನಿಯನ್ನು ಸುತ್ತುವುದು. ಆಮೇಲೆ ಎರಡೂವರೆ ಶತಮಾನಗಳ ಕಾಲ ದೂರದರ್ಶಕದಲ್ಲಿ ಅದೊಂದು ಕಿತ್ತಳೆಬಣ್ಣದ ಚುಕ್ಕೆಯಾಗಿಯೇ ಉಳಿಯಿತು. ಸ್ಪೇನ್ ದೇಶದ ಕೋಮಾಸ್ ಸೋಲಾ ಎಂಬಾತನು ಆ ಚುಕ್ಕೆಯ ಅಂಚು ನಡುವಿಗಿಂತ ಮಸುಕಾಗಿರುವುದೆಂದು ೧೯೦೮ರಲ್ಲಿ ಪ್ರಕಟಿಸಿ, ಅದಕ್ಕೆ ವಾಯುಮಂಡಲವಿರಬಹುದೆಂದು ಸೂಚಿಸಿದನು. ಖಚಿತವಾದ ಸಾಕ್ಷ್ಯವನ್ನು ತಂದವನು ಅಮೆರಿಕೆಯಲ್ಲಿ ನೆಲೆಸಿದ್ದ ಜೆರಾರ್ಡ್ ಕೈಪರ್. ಟೈಟನ್ನಿನಿಂದ ಬಂದ ಬೆಳಕನ್ನು ಆತನು ಕಾಮನಬಿಲ್ಲಿನಂತೆ ಬಿಡಿಸಿ ನೋಡಲಾಗಿ, ಅದರಲ್ಲಿ ಕೆಲವು ಬಣ್ಣಗಳು ನುಂಗಿಹೋಗಿದ್ದುವು. ಆ ಬಣ್ಣಗಳನ್ನು ನುಂಗುವುದು ಮೀಥೇನ್ ಎಂಬ ಅನಿಲ. ಜೌಗುನೆಲದ ಕೆಸರಿನಿಂದಲೂ ಸಗಣಿಯ ಗುಂಡಿಯಿಂದಲೂ ಏಳುವ ಅನಿಲವೇ ಅದು. ೧೯೪೪ರಲ್ಲಿ ಕೈಪರನು ಇದನ್ನು ಪ್ರಕಟಿಸಿದನು. ಚಿತ್ರವೇ ಇಲ್ಲದೆ, ಒಂದು ಚುಕ್ಕೆಯ ಬೆಳಕಿನಿಂದ ಇಷ್ಟನ್ನು ತಿಳಿದುದು ಸಾಮಾನ್ಯ ಸಾಧನೆಯಲ್ಲ.

ಮುಂದೆ ೧೯೮೦ನೆಯ ನವೆಂಬರ್ ೧೨ರಂದು ವಾಯೇಜರ್ ೧ ಎಂಬ ಆಕಾಶನೌಕೆಯು ಟೈಟನ್ನಿನ ಸಮೀಪದಲ್ಲಿಯೇ ಹಾದುಹೋಯಿತು. ಈ ಒಂದು ಭೇಟಿಗಾಗಿ ತೆತ್ತ ಬೆಲೆಯನ್ನು ನೆನೆಯಬೇಕು. ಟೈಟನ್ನಿನ ಬಳಿ ಸಾಗುವ ದಾರಿಯನ್ನು ಹಿಡಿದುದರಿಂದ ಆ ನೌಕೆಗೆ ಪ್ಲೂಟೋವಿನ ಕಡೆ ಹೋಗುವ ಅವಕಾಶ ತಪ್ಪಿತು. ಒಂದು ವೇಳೆ ಅದು ಟೈಟನ್ನಿನಲ್ಲಿ ವಿಫಲವಾಗಿದ್ದರೆ ಅದರ ಜೊತೆಯ ವಾಯೇಜರ್ ೨ನ್ನು ಅಲ್ಲಿಗೆ ತಿರುಗಿಸಿ, ಯುರೇನಸ್ಸನ್ನೂ ನೆಪ್ಚೂನನ್ನೂ ಕಾಣುವ ಆಸೆಯನ್ನು ಬಿಡಬೇಕೆಂದು ಗೊತ್ತಾಗಿದ್ದಿತು. ಇಷ್ಟು ಬೆಲೆ ಕೊಟ್ಟು ಪಡೆದ ಚಿತ್ರಗಳಲ್ಲಿ ಕಂಡುದೇನು? ಒಂದು ಕಿತ್ತಳೆಹಣ್ಣಿನಂತಹ ನುಣುಪಾದ ಗೋಳ. ಗೆರೆಯಿಲ್ಲ, ಕಲೆಯಿಲ್ಲ, ಬೆಟ್ಟವಿಲ್ಲ. ಅಂಚಿನಲ್ಲಿ ಮಾತ್ರ ಮಂಜಿನ ತೆಳುವಾದ ಪದರವೊಂದು ಪ್ರತ್ಯೇಕವಾಗಿ ನಿಂತಿದ್ದಿತು. ಕಾದು ಕುಳಿತವರಿಗೆ ನಿರಾಶೆಯಾದುದು ಸಹಜವೇ.

ಆದರೆ ಆ ನೌಕೆಯಲ್ಲಿ ಛಾಯಾಚಿತ್ರದ ಪೆಟ್ಟಿಗೆಯೊಂದೇ ಇರಲಿಲ್ಲ. ನೌಕೆಯು ಟೈಟನ್ನಿನ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಅಲೆಗಳು ಅಲ್ಲಿಯ ವಾಯುಮಂಡಲವನ್ನು ತೂರಿಕೊಂಡು ಭೂಮಿಗೆ ಬಂದವು. ಅಲೆಗಳು ಎಷ್ಟು ಬಾಗಿದವು, ಯಾವ ಕ್ಷಣದಲ್ಲಿ ಕಡಿದುಹೋದವು ಎಂಬುದನ್ನು ಲೆಕ್ಕಹಾಕಿ, ವಾಯುವಿನ ಒತ್ತಡವು ನೆಲದ ಮಟ್ಟದಲ್ಲಿ ಭೂಮಿಯದರ ಒಂದೂವರೆಯಷ್ಟೆಂದೂ ಶೀತವು ಸೊನ್ನೆಗಿಂತ ೧೭೯ ಡಿಗ್ರಿ ಕೆಳಗೆಂದೂ ನಿರ್ಣಯಿಸಿದರು. ಆ ವಾಯುವಿನಲ್ಲಿ ಬಹುಪಾಲು ಸಾರಜನಕವೆಂದೂ ತಿಳಿಯಿತು. ಇನ್ನೊಂದು ಸಂಗತಿಯೂ ಹೊರಬಿದ್ದಿತು. ಅಲ್ಲಿಯವರೆಗೆ ಸೌರಮಂಡಲದ ಚಂದ್ರರಲ್ಲೆಲ್ಲ ಟೈಟನ್ನೇ ದೊಡ್ಡದೆಂದು ಪುಸ್ತಕಗಳು ಹೇಳುತ್ತಿದ್ದುವು. ಈಗ ಅಳೆದರೆ ಗುರುವಿನ ಗ್ಯಾನಿಮೀಡ್ ಅದಕ್ಕಿಂತ ದೊಡ್ಡದಾಯಿತು. ಏತಕ್ಕೆಂದರೆ ನೆಲಕ್ಕಿಂತ ಇನ್ನೂರು ಕಿಲೋಮೀಟರಿಗೂ ಎತ್ತರದಲ್ಲಿ ನಿಂತ ಮಂಜಿನ ಹೊದಿಕೆಯನ್ನೇ ಜನರು ಚಂದ್ರನ ಮೈಯೆಂದು ತಿಳಿದು ಅಳೆದಿದ್ದರು. ಹೊದ್ದ ಕಂಬಳಿಯನ್ನು ಸೇರಿಸಿ ಮನುಷ್ಯನ ಗಾತ್ರವನ್ನು ಹೇಳಿದ ಹಾಗೆ.

ಆ ಮಂಜು ಯಾವುದು? ಸೂರ್ಯನ ತೀಕ್ಷ್ಣ ಕಿರಣಗಳು ಮೇಲಿನ ಮೀಥೇನನ್ನು ಒಡೆದು, ಆ ತುಣುಕುಗಳು ಸಾರಜನಕದೊಡನೆ ಬೆರೆತು ಹುಟ್ಟುವ ಕಂದುಬಣ್ಣದ ಸೂಕ್ಷ್ಮಕಣಗಳು. ಅಮೆರಿಕೆಯ ಕಾರ್ಲ್ ಸೇಗನ್ ಮತ್ತು ಭಾರತಮೂಲದ ಬಿಶುನ್ ಖರೆ ಎಂಬಿಬ್ಬರು ಇಂತಹ ಪದಾರ್ಥವನ್ನು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ತಯಾರಿಸಿ ೧೯೭೯ರಲ್ಲಿ ಅದಕ್ಕೆ ಥೋಲಿನ್ ಎಂಬ ಹೆಸರನ್ನಿಟ್ಟಿದ್ದರು. ಮೀಥೇನ್ ಹೀಗೆ ಸದಾ ನಾಶವಾಗುತ್ತಿರುವುದಾದರೆ, ಕೆಲವು ಕೋಟಿ ವರ್ಷಗಳಲ್ಲಿಯೇ ಅದು ಮುಗಿದುಹೋಗಿರಬೇಕು. ಮುಗಿಯದೆ ಉಳಿದಿರುವುದರಿಂದ ಅದನ್ನು ತುಂಬಿಕೊಡುವ ಆಕರವೊಂದಿರಬೇಕು. ಅದು ಒಡೆದಾಗ ಹುಟ್ಟುವ ಈಥೇನ್ ಎಂಬ ದ್ರವವು ಕೆಳಗೆ ಸಂಗ್ರಹವಾಗಿರಲೂ ಬೇಕು. ಈ ತರ್ಕದ ಮೇಲೆ ಜೋನತನ್ ಲುನೈನ್ ಮೊದಲಾದವರು ೧೯೮೩ರಲ್ಲಿ, ಟೈಟನ್ನಿನ ಇಡೀ ಮೈಯನ್ನು ಒಂದು ಕಿಲೋಮೀಟರಿನಷ್ಟು ಆಳದ ಸಮುದ್ರವು ಮುಚ್ಚಿರಬಹುದೆಂದು ಸೂಚಿಸಿದರು. ತರ್ಕವು ಸೊಗಸಾದುದು. ಯಾರೂ ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಸಮುದ್ರವು ಮಾತ್ರ ಅಲ್ಲಿರಲಿಲ್ಲ.

ಅದು ತಿಳಿದುಬಂದುದು ಮಂಜಿನಲ್ಲಿರುವ ಕಿಂಡಿಗಳಿಂದ. ಕಣ್ಣಿಗೆ ಕಾಣುವ ಬೆಳಕನ್ನು ಆ ಮಂಜು ಚದುರಿಸಿಬಿಡುವುದು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಕಿರಣಗಳು ಅದನ್ನು ತೂರಬಲ್ಲುವು. ಆದರೆ ಅವುಗಳಲ್ಲಿಯೂ ಬಹಳವನ್ನು ಮೀಥೇನ್ ನುಂಗುವುದು. ಮಂಜು ಚದುರಿಸದ, ಮೀಥೇನೂ ನುಂಗದ ಕೆಲವೇ ಇಕ್ಕಟ್ಟಾದ ಎಡೆಗಳು ಉಳಿಯುವುವು. ಭೂಮಿಯ ಸುತ್ತ ತಿರುಗುವ ಹಬಲ್ ದೂರದರ್ಶಕದಿಂದ ೧೯೯೪ರಲ್ಲಿ ಅಂತಹ ಒಂದು ಕಿಂಡಿಯ ಮೂಲಕ ನೋಡಿದಾಗ ಟೈಟನ್ನಿನ ನೆಲದ ಮೇಲೆ ಬೆಳ್ಳಗಿನ, ಖಂಡದಷ್ಟು ವಿಸ್ತಾರವಾದ ಪ್ರದೇಶವೊಂದು ಕಂಡಿತು. ಇಡೀ ಮೈ ಸಮುದ್ರವಾಗಿದ್ದರೆ ಹೀಗೆ ಕಾಣುವಂತಿಲ್ಲ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ೧೯೮೦ರ ವಾಯೇಜರ್ ಚಿತ್ರಗಳಲ್ಲಿ ಕಿತ್ತಳೆಬಣ್ಣದ ಗಾಜಿನ ಮೂಲಕ ತೆಗೆದವನ್ನು ೨೦೦೪ರಲ್ಲಿ ಕೆಲವರು ಪುನಃ ಕೈಗೆತ್ತಿಕೊಂಡು, ನೂರಾರು ಸೂಕ್ಷ್ಮ ವ್ಯತ್ಯಾಸಗಳನ್ನು ಗಣಕಯಂತ್ರದಿಂದ ಸೋಸಿ ನೋಡಲು, ಅದೇ ಬೆಳ್ಳಗಿನ ಪ್ರದೇಶವು ಅವುಗಳಲ್ಲಿಯೂ ಮಸುಕಾಗಿ ಮೂಡಿತು. ಇಪ್ಪತ್ತನಾಲ್ಕು ವರ್ಷ ಪೆಟ್ಟಿಗೆಯಲ್ಲಿಯೇ ಇದ್ದುದನ್ನು ಯಾರೂ ಕಂಡಿರಲಿಲ್ಲ; ಇದೆಯೆಂದು ಬೇರೆ ಕಡೆಯಿಂದ ಗೊತ್ತಾದ ಮೇಲೆ ಹುಡುಕಿದವರಿಗೆ ದೊರೆಯಿತು.

ಅಮೆರಿಕೆ, ಯುರೋಪು, ಇಟಲಿಗಳ ಆಕಾಶಸಂಸ್ಥೆಗಳು ಕೂಡಿ ಕಳುಹಿಸಿದ ಕ್ಯಾಸಿನಿ ನೌಕೆಯು ೧೯೯೭ರ ಅಕ್ಟೋಬರ್ ೧೫ರಂದು ಹೊರಟು ೨೦೦೪ರ ಜುಲೈ ೧ರಂದು ಶನಿಯನ್ನು ಸೇರಿತು. ಅದು ೨೦೧೭ರ ಸೆಪ್ಟೆಂಬರ್ ೧೫ರಂದು ಶನಿಯೊಳಗೆ ಬಿದ್ದು ಉರಿದುಹೋಗುವವರೆಗೆ ಟೈಟನ್ನನ್ನು ೧೨೭ ಸಲ ಸಮೀಪಿಸಿತು. ಅದಕ್ಕೆ ಮೂರು ಬಗೆಯ ಕಣ್ಣುಗಳಿದ್ದುವೆನ್ನಬಹುದು. ಒಂದು, ಕೆಂಪಿನಾಚೆಯ ಕಿಂಡಿಯಿಂದ ನೋಡುವ ಛಾಯಾಚಿತ್ರಯಂತ್ರ. ಎರಡನೆಯದು, ಅಂತಹ ಏಳೆಂಟು ಕಿಂಡಿಗಳಲ್ಲಿ ಬೆಳಕನ್ನು ಬಿಡಿಸಿ ನೋಡುವ ಯಂತ್ರ. ಮೂರನೆಯದು ರೇಡಾರ್. ಮೊದಲಿನ ಎರಡು ಸೂರ್ಯನ ಬೆಳಕಿನಿಂದ ನೋಡಿದರೆ, ರೇಡಾರ್ ತಾನೇ ಅಲೆಗಳನ್ನು ಎಸೆದು ಅವುಗಳ ಮಾರ್ದನಿಯನ್ನು ಆಲಿಸುವುದು. ಮಂಜು ಅದಕ್ಕೆ ಇಲ್ಲವೇ ಇಲ್ಲ.

ಇಲ್ಲಿ ಕೇಳುಗರು ಒಂದು ವಿಷಯವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ರೇಡಾರ್ ಚಿತ್ರದ ಕಪ್ಪು ಬಣ್ಣಕ್ಕೂ ಸಾಮಾನ್ಯ ಚಿತ್ರದ ಕಪ್ಪಿಗೂ ಅರ್ಥ ಒಂದೇ ಅಲ್ಲ. ನೌಕೆಯು ಓರೆಯಾಗಿ ಅಲೆಯನ್ನೆಸೆಯುವುದು. ನೆಲವು ಒರಟಾಗಿದ್ದರೆ ಅಲೆಯು ಎಲ್ಲ ಕಡೆಗೂ ಚದುರಿ ಸ್ವಲ್ಪಭಾಗವು ಹಿಂದಿರುಗುವುದು. ಚಿತ್ರದಲ್ಲಿ ಅದು ಬೆಳ್ಳಗೆ ಕಾಣುವುದು. ನೆಲವು ಕನ್ನಡಿಯಂತೆ ನುಣುಪಾಗಿದ್ದರೆ ಅಲೆಯು ಜಾರಿ ಮುಂದಕ್ಕೆ ಹೋಗಿಬಿಡುವುದು, ಅಲ್ಲಿ ಕಪ್ಪು. ನೆಲದ ಪದಾರ್ಥವೇ ಅಲೆಯನ್ನು ಹೀರಿಕೊಂಡರೂ ಕಪ್ಪೇ. ಆದುದರಿಂದ ರೇಡಾರಿನ ಕಪ್ಪು ಶಾಂತವಾದ ಸರೋವರವಾಗಿರಬಹುದು, ಮೃದುವಾದ ಮರಳೂ ಆಗಿರಬಹುದು. ಸಾಮಾನ್ಯ ಚಿತ್ರದ ಕಪ್ಪಾದರೋ ಬರೀ ಮಸಿಬಣ್ಣದ ಧೂಳಾಗಿರಲೂ ಸಾಕು.

ಈಗ ಹೈಗೆನ್ಸನ ಹೆಸರನ್ನೇ ಹೊತ್ತ ಇಳಿಯುವ ಯಂತ್ರದ ಮಾತಿಗೆ ಬರಬಹುದು. ಅದನ್ನು ಕಟ್ಟಿದ ಯುರೋಪಿಯನ್ನರಿಗೆ ಅದು ನೆಲದ ಮೇಲೆ ಇಳಿಯುವುದೋ ಸಮುದ್ರದಲ್ಲಿ ಬೀಳುವುದೋ ಎಂಬುದೇ ತಿಳಿದಿರಲಿಲ್ಲ; ಆದಕಾರಣ ಎರಡಕ್ಕೂ ಸಿದ್ಧವಾಗಿರುವಂತೆ ಕಟ್ಟಿದರು. ೨೦೦೪ರ ಡಿಸೆಂಬರ್ ೨೫ರಂದು ಅದು ಕ್ಯಾಸಿನಿಯಿಂದ ಬೇರ್ಪಟ್ಟು, ಮೂರು ವಾರ ಒಂಟಿಯಾಗಿ ಸಾಗಿ, ಸಂಕ್ರಮಣದ ದಿನ ಟೈಟನ್ನಿನ ವಾಯುವನ್ನು ಹೊಕ್ಕಿತು. ಕೊಡೆಗಳ ಆಸರೆಯಿಂದ ಕೆಳಗಿಳಿಯಲು ಅದಕ್ಕೆ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಭೂಮಿಯ ಏಳನೆಯ ಒಂದು ಪಾಲಷ್ಟೇ ಆಕರ್ಷಣೆಯುಳ್ಳ, ಭೂಮಿಗಿಂತ ದಟ್ಟವಾದ ವಾಯುವುಳ್ಳ ಆ ಲೋಕದಲ್ಲಿ ಬೀಳುವುದೂ ನಿಧಾನವೇ.

ಎರಡು ಅಡಚಣೆಗಳು ಒದಗಿದವು. ಯಂತ್ರವು ತನ್ನ ವಾರ್ತೆಯನ್ನು ಎರಡು ಪ್ರತ್ಯೇಕ ಮಾರ್ಗಗಳಲ್ಲಿ ಕ್ಯಾಸಿನಿಗೆ ಕಳುಹಿಸುವಂತೆ ಏರ್ಪಡಿಸಿದ್ದರು. ಕ್ಯಾಸಿನಿಗೆ ಕೊಟ್ಟ ಆಜ್ಞೆಗಳ ಪಟ್ಟಿಯಲ್ಲಿ ಒಂದು ಆಜ್ಞೆಯು ಬಿಟ್ಟುಹೋಗಿದ್ದುದರಿಂದ ಆ ಪೈಕಿ ಒಂದು ಮಾರ್ಗದ ಕಿವಿ ತೆರೆಯಲೇ ಇಲ್ಲ. ಚಿತ್ರಗಳನ್ನು ಹೆಚ್ಚು ಸಂಖ್ಯೆಯಲ್ಲಿ ಪಡೆಯುವ ಆಸೆಯಿಂದ ಅವನ್ನು ಎರಡೂ ಮಾರ್ಗಗಳಿಗೆ ಹಂಚಿದ್ದರು. ಸುಮಾರು ೭೦೦ ಚಿತ್ರಗಳಲ್ಲಿ ಅರ್ಧದಷ್ಟು ಶೂನ್ಯದಲ್ಲಿ ಲೀನವಾದವು. ಎರಡನೆಯದು, ಯಂತ್ರವು ಇಳಿಯುತ್ತ ಬುಗುರಿಯಂತೆ ಯಾವ ದಿಕ್ಕಿಗೆ ತಿರುಗಬೇಕೆಂದಿದ್ದಿತೋ ಅದಕ್ಕೆ ವಿರುದ್ಧವಾಗಿ ತಿರುಗಿತು. ಸೂರ್ಯನನ್ನು ಗುರುತಿಸಿ ದಿಕ್ಕನ್ನು ಹೇಳಬೇಕಾಗಿದ್ದ ಉಪಕರಣವೂ ಸೂರ್ಯನ ಗುರಿಯನ್ನು ಕಳೆದುಕೊಂಡಿತು. ಹೀಗಾಗಿ ಕೈಗೆ ಬಂದುದು ಯಾವ ಚಿತ್ರ ಯಾವ ದಿಕ್ಕನ್ನು ನೋಡುತ್ತಿದೆಯೆಂಬುದೇ ಗೊತ್ತಿಲ್ಲದ ಮುನ್ನೂರೈವತ್ತು ಚೂರುಗಳು. ಒಂದೊಂದು ಚಿತ್ರವೂ ಅಗಲದಲ್ಲಿ ನೂರೆಪ್ಪತ್ತಾರು ಚುಕ್ಕೆಗಳನ್ನು ಮೀರದು.

ಅರಿಜೋನಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಟೊಮಾಸ್ಕೊ ಎಂಬ ವಿದ್ವಾಂಸರ ನೇತೃತ್ವದ ಮಂಡಲಿಯು ಈ ಚೂರುಗಳನ್ನು ಹರಿದ ಓಲೆಗರಿಗಳನ್ನು ಜೋಡಿಸುವವರಂತೆ ಒಂದಕ್ಕೊಂದು ತಾಳೆನೋಡಿ ಜೋಡಿಸಿತು. ಒಂದು ಚಿತ್ರದ ಅಂಚಿನಲ್ಲಿರುವ ಗೆರೆಯು ಇನ್ನೊಂದರ ಅಂಚಿನಲ್ಲಿ ಮುಂದುವರಿಯುವುದೇ? ಅದೇ ಕವಲು ಮತ್ತೊಂದು ಎತ್ತರದಿಂದ ದೊಡ್ಡದಾಗಿ ಕಾಣುವುದೇ? ಹೀಗೆ ಜೋಡಿಸಿದಂತೆಲ್ಲ ನೆಲದ ನಕ್ಷೆಯ ಜೊತೆಗೆ ಯಂತ್ರವು ಗಾಳಿಗೆ ತೇಲಿದ ದಾರಿಯೂ ತಾನಾಗಿ ದೊರೆಯಿತು. ನಷ್ಟವಾದ ಮಾರ್ಗದಿಂದಲೇ ಗಾಳಿಯ ವೇಗವನ್ನು ಅಳೆಯಬೇಕೆಂದಿದ್ದವರಿಗೆ, ಭೂಮಿಯ ಮೇಲಿನ ದೊಡ್ಡ ರೇಡಿಯೋ ದೂರದರ್ಶಕಗಳು ಆ ಕ್ಷೀಣಧ್ವನಿಯನ್ನು ನೇರವಾಗಿ ಹಿಡಿದು ನೆರವಾದವು. ಲೋಪವನ್ನು ತಿದ್ದಿಕೊಂಡ ಈ ಶ್ರಮವು ಮೂಲಯೋಜನೆಗಿಂತಲೂ ಹೆಚ್ಚು ಪ್ರಶಂಸೆಗೆ ಯೋಗ್ಯವಾದುದು.

ಜೋಡಿಸಿದ ಚಿತ್ರದಲ್ಲಿ ಕವಲೊಡೆದ ಗೆರೆಗಳು ಕಂಡುವೆಂದು ಮೊದಲೇ ಹೇಳಿದೆಯಷ್ಟೆ. ಅವು ನಿಜವಾಗಿಯೂ ಹರಿವಿನ ದಾರಿಗಳೆಂದು ಹೇಗೆ ಹೇಳುವುದು? ಒಣಗಿದ ಕೆಸರಿನ ಬಿರುಕೂ ಕವಲೊಡೆಯುವುದು. ಆದರೆ ಬಿರುಕುಗಳು ಸುತ್ತಿಬಂದು ಒಂದನ್ನೊಂದು ಕೂಡಿ ಬಲೆಯಂತಾಗುವುವು. ಹರಿವಿನ ದಾರಿಗಳಾದರೆ ಚಿಕ್ಕವು ಕೂಡಿ ದೊಡ್ಡದಾಗಿ, ದೊಡ್ಡವು ಕೂಡಿ ಇನ್ನೂ ದೊಡ್ಡದಾಗಿ ಒಂದೇ ಕಡೆಗೆ ಸಾಗುವುವು. ಮೇಲಾಗಿ, ಒಂದೇ ಸ್ಥಳವನ್ನು ಎರಡು ಬೇರೆ ಬೇರೆ ನೆಲೆಗಳಿಂದ ತೆಗೆದ ಚಿತ್ರಗಳನ್ನು, ಎರಡು ಕಣ್ಣುಗಳಿಂದ ನೋಡುವಂತೆ, ಜೊತೆಗೂಡಿಸಿ ಎತ್ತರ ತಗ್ಗುಗಳನ್ನು ಅಳೆದರು. ಬೆಳ್ಳಗಿನ ಭಾಗವು ಕಡಿದಾದ ಇಳಿಜಾರುಗಳುಳ್ಳ ಗುಡ್ಡವೆಂದೂ, ಗೆರೆಗಳು ಎತ್ತರದಿಂದ ತಗ್ಗಿಗೆ ಇಳಿಯುವುವೆಂದೂ ಸಿದ್ಧವಾಯಿತು. ಅಲ್ಲಿಗೆ ನದಿಯೆಂಬ ಓದು ನಿಂತಿತು. ಆ ನದಿಗಳನ್ನು ಕೊರೆದುದು ನೀರಲ್ಲ. ಆ ಶೀತದಲ್ಲಿ ನೀರು ಬಂಡೆಯಂತೆ ಕಲ್ಲಾಗಿರುವುದು. ಅಲ್ಲಿ ಮಳೆಯಾಗಿ ಸುರಿದು ಹರಿಯಬಲ್ಲದು ಮೀಥೇನ್.

ಸಮುದ್ರವೆಂಬ ಓದು ಮಾತ್ರ ಉಳಿಯಲಿಲ್ಲ. ಯಂತ್ರವು ಇಳಿದುದು ದಡದಾಚೆಯ ಆ ಕಪ್ಪು ಬಯಲಿನ ಮೇಲೆಯೇ. ಅದು ಮುಳುಗಲಿಲ್ಲ, ತೇಲಲಿಲ್ಲ, ಕುಳಿತಿತು. ಕುಳಿತಲ್ಲಿಂದ ಎದುರಿನ ನೆಲದ ಚಿತ್ರಗಳನ್ನು ಕಳುಹಿಸಿತು. ಅಂಗೈಯಗಲದ ಉರುಟು ಕಲ್ಲುಗಳು ಅಲ್ಲಿ ಹರಡಿದ್ದುವು. ಹೊಳೆಯ ಪಾತ್ರದಲ್ಲಿ ಉರುಳಿ ಉರುಳಿ ಮೂಲೆಗಳು ಸವೆದ ಗುಂಡುಕಲ್ಲುಗಳನ್ನು ಕಂಡವರಿಗೆ ಇವುಗಳ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಲ್ಲೆಂದರೆ ಇಲ್ಲಿ ಬಹುಶಃ ನೀರಿನ ಗಟ್ಟಿ ಹೆಪ್ಪು ಎಂಬುದೊಂದೇ ಭೇದ. ಒಂದು ಕಾಲದಲ್ಲಿ ಹರಿವು ಬಂದು, ಕಲ್ಲುಗಳನ್ನು ತಂದು ಚೆಲ್ಲಿ, ಇಂಗಿ ಬತ್ತಿಹೋದ ಬಯಲು ಅದು. ಹಾಗೆಂದು ಪೂರ್ತಿಯಾಗಿ ಒಣಗಿದ್ದುದೂ ಅಲ್ಲ. ಯಂತ್ರದ ಬಿಸಿಯು ತಗಲುತ್ತಲೇ ನೆಲದಿಂದ ಮೀಥೇನಿನ ಆವಿ ಎದ್ದುದನ್ನು ಅನಿಲಗಳನ್ನು ಪರೀಕ್ಷಿಸುವ ಉಪಕರಣವು ತಿಳಿಸಿತು. ಅಂದರೆ ಮಣ್ಣು ಹಸಿಯಾಗಿದ್ದಿತು. ಇದನ್ನು ಚಿತ್ರವು ಹೇಳಲಾರದು.

ಈ ಚಿತ್ರದ ಬಣ್ಣದ ಬಗೆಗೂ ಒಂದು ಮಾತು ಅವಶ್ಯ. ಎಲ್ಲ ಕಡೆಯೂ ಅಚ್ಚಾಗಿರುವ ಕಿತ್ತಳೆಬಣ್ಣದ ಚಿತ್ರವು ಪೆಟ್ಟಿಗೆಯು ಹಿಡಿದ ಬಣ್ಣವಲ್ಲ. ಆ ಪೆಟ್ಟಿಗೆಗೆ ತಿಳಿದಿದ್ದುದು ಕಪ್ಪುಬಿಳುಪು ಮಾತ್ರ. ಪಕ್ಕದಲ್ಲಿದ್ದ ಇನ್ನೊಂದು ಉಪಕರಣವು ಬೆಳಕನ್ನು ಬಿಡಿಸಿ ಅಳೆದಿದ್ದಿತು. ಆ ಅಳತೆಗೆ ಅನುಗುಣವಾಗಿ ಆಮೇಲೆ ಬಣ್ಣವನ್ನು ತುಂಬಿದರು. ಇದು ಮೋಸವಲ್ಲ, ಲೆಕ್ಕದಿಂದ ತುಂಬಿದ ಬಣ್ಣ. ಆದರೂ ನೋಡುವವರು ಅದನ್ನು ತಿಳಿದು ನೋಡುವುದು ಲೇಸು. ಆ ಬಣ್ಣವಾದರೂ ಕಲ್ಲಿನದಕ್ಕಿಂತ ಹೆಚ್ಚಾಗಿ ಮಂಜಿನಲ್ಲಿ ಸೋಸಿ ಬಂದ ಬೆಳಕಿನದು. ಹೀಗಾಗುವುದೆಂದು ಮೊದಲೇ ಎಣಿಸಿ, ನೆಲದ ನಿಜವಾದ ವರ್ಣವನ್ನು ತಿಳಿಯುವುದಕ್ಕಾಗಿ ಯಂತ್ರದಲ್ಲಿ ಒಂದು ಸಣ್ಣ ದೀಪವನ್ನಿಟ್ಟಿದ್ದರು. ನೆಲದಿಂದ ಏಳುನೂರು ಮೀಟರು ಎತ್ತರದಲ್ಲಿ ಅದು ಹೊತ್ತಿಕೊಂಡಿತು. ನೂರಿಪ್ಪತ್ತು ಕೋಟಿ ಕಿಲೋಮೀಟರು ದೂರಕ್ಕೆ ತನ್ನ ದೀಪವನ್ನು ತಾನೇ ಹೊತ್ತುಕೊಂಡು ಹೋದ ಯಂತ್ರವೆಂದು ಅದನ್ನು ಹೊಗಳಬಹುದು.

ನೆಲಕ್ಕೆ ಮೊದಲು ತಗಲಿದ ಒಂದು ಲೋಹದ ಕಡ್ಡಿಯು ಕ್ಷಣಮಾತ್ರ ಗಟ್ಟಿ ತಡೆಯನ್ನೂ ಆಮೇಲೆ ಮೆತುವನ್ನೂ ಅನುಭವಿಸಿದ್ದಿತು. ಮೇಲೆ ತೆಳುವಾದ ಹೊಪ್ಪಳಿಕೆ, ಒಳಗೆ ಮೃದುವಾದ ಮಣ್ಣು ಎಂದು ಮೊದಲ ದಿನಗಳಲ್ಲಿ ವ್ಯಾಖ್ಯಾನ ಮಾಡಿದರು. ವೃತ್ತಪತ್ರಿಕೆಗಳೂ ಅದನ್ನೇ ಬರೆದವು. ಎದುರಿನ ನೆಲವೆಲ್ಲ ಕಲ್ಲುಗಳಿಂದ ತುಂಬಿದುದನ್ನು ಚಿತ್ರದಲ್ಲಿ ಕಂಡ ಮೇಲೆ, ಕಡ್ಡಿಯು ಒಂದು ಬೆಣಚುಕಲ್ಲಿನಂತಹ ಹರಳಿಗೆ ತಾಗಿ ಅದನ್ನು ಪಕ್ಕಕ್ಕೆ ತಳ್ಳಿರಬಹುದೆಂಬ ಸರಳವಾದ ಅರ್ಥವೂ ಹೊಂದುವುದೆಂದು ಕಂಡುಬಂದಿತು. ಈ ಬಾರಿ ಸ್ಪರ್ಶವು ಹೇಳಿದುದನ್ನು ಕಣ್ಣು ತಿದ್ದಿತು.

ಆದರೂ ಟೈಟನ್ನಿನ ನಡುಗಟ್ಟಿನ ಸುತ್ತ ವಿಸ್ತಾರವಾಗಿ ಹಬ್ಬಿರುವ ಕಪ್ಪು ಪ್ರದೇಶಗಳ ಒಗಟು ಉಳಿದೇ ಇದ್ದಿತು. ದೂರದಿಂದ ಅವನ್ನು ಸಮುದ್ರಗಳೆಂದು ಎಣಿಸಿದ್ದರು. ರೇಡಾರ್ ಚಿತ್ರದಲ್ಲಿ ಅವುಗಳ ಮೇಲೆ ಒಂದಕ್ಕೊಂದು ಸಮನಾಗಿ ಎಳೆದ ನೂರಾರು ಗೆರೆಗಳು ಕಂಡಾಗ ಶೋಧಕರು ಅವಕ್ಕೆ ಬೆಕ್ಕಿನ ಪರಚುಗಳೆಂದು ಹೆಸರಿಟ್ಟು ಸುಮ್ಮನಾದರು. ಅರ್ಥವಾಗದುದಕ್ಕೆ ತಮಾಷೆಯ ಹೆಸರಿಡುವುದು ಪ್ರಾಮಾಣಿಕವಾದ ಪದ್ಧತಿಯೇ. ಮುಂದೆ ೨೦೦೫ರ ಕೊನೆಯಲ್ಲಿ ಇನ್ನಷ್ಟು ಚಿತ್ರಗಳು ದೊರೆತಾಗ ಆ ಗೆರೆಗಳಿಗೆ ಉಬ್ಬು, ಇಳಿಜಾರು ಇರುವುದೂ, ಗುಡ್ಡವು ಅಡ್ಡಬಂದಲ್ಲಿ ಹೊಳೆಯ ನೀರಿನಂತೆ ಅದನ್ನು ಬಳಸಿ ಹೋಗುವುದೂ ಕಂಡವು. ಆಫ್ರಿಕದ ನಮೀಬಿಯಾ ಮರಳುಗಾಡಿನಲ್ಲಿ ಗಾಳಿಯು ಕಟ್ಟಿದ ದಿಣ್ಣೆಗಳನ್ನು ಆಕಾಶದಿಂದ ನೋಡಿದರೆ ಹೀಗೆಯೇ ಕಾಣುವುವು. ನೂರಾರು ಕಿಲೋಮೀಟರು ಉದ್ದ, ನೂರು ಮೀಟರಿನಷ್ಟು ಎತ್ತರದ ಈ ದಿಣ್ಣೆಗಳ ಮರಳು ಕಲ್ಲಿನ ಪುಡಿಯಲ್ಲ. ಆಕಾಶದಿಂದ ಉದುರಿದ ಮಸಿಯಂತಹ ಕಣಗಳು ಗಟ್ಟಿಗೊಂಡು ಆದುದು. ರಾಲ್ಫ್ ಲೊರೆಂಜ್ ಮೊದಲಾದವರು ೨೦೦೬ರಲ್ಲಿ ಇದನ್ನು ಪ್ರಕಟಿಸಿದರು. ಸಮುದ್ರವನ್ನು ಹುಡುಕುತ್ತಿದ್ದವರಿಗೆ ಮರಳುಗಾಡು ದೊರೆಯಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ರೇಡಾರ್ ಉತ್ತರಧ್ರುವದ ಮೇಲೆ ಹಾದಾಗ, ಮಾರ್ದನಿಯೇ ಇಲ್ಲವೆಂಬಷ್ಟು ಕಡುಕಪ್ಪಾದ, ಸ್ಪಷ್ಟ ದಡಗಳುಳ್ಳ ಹತ್ತಾರು ಕಲೆಗಳು ಕಂಡವು. ಅವುಗಳಿಗೆ ಬಂದು ಕೂಡುವ ಕಾಲುವೆಗಳೂ ಇದ್ದುವು. ಈ ಸಾರಿ ಯಾರೂ ಆತುರಪಡಲಿಲ್ಲ. ಏತಕ್ಕೆಂದರೆ ಅಷ್ಟರಲ್ಲಿ ಒಂದು ಪಾಠ ಕಲಿತಾಗಿದ್ದಿತು. ೨೦೦೩ರಲ್ಲಿ ಪೋರ್ಟೊರಿಕೊ ದ್ವೀಪದ ಅರೆಸಿಬೋ ದೂರದರ್ಶಕದಿಂದ ಟೈಟನ್ನಿಗೆ ರೇಡಾರ್ ಅಲೆಯನ್ನೆಸೆದಾಗ, ಕನ್ನಡಿಯಿಂದ ಮರಳುವಂತಹ ತೀಕ್ಷ್ಣವಾದ ಹೊಳಪು ಕಂಡಿದ್ದಿತು. ದ್ರವದ ಮೇಲ್ಮೈಯಲ್ಲದೆ ಇನ್ನೇನೆಂದು ಹಲವರು ಎಣಿಸಿದ್ದರು. ಕ್ಯಾಸಿನಿಯು ಅದೇ ಸ್ಥಳಗಳನ್ನು ನೋಡಿದಾಗ ಅಲ್ಲಿ ಹನಿ ದ್ರವವೂ ಇರಲಿಲ್ಲ. ಬತ್ತಿದ ಸರೋವರದ ನುಣುಪಾದ ತಳವೂ ಹಾಗೆ ಹೊಳೆಯಬಲ್ಲದೆಂಬ ವಿವರಣೆ ೨೦೨೦ರಲ್ಲಿ ಬಂದಿತು. ಹೊಗೆಯಂತೆ ಕಂಡ ಮಂಜಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಕ್ಕಲಾರದು.

ಆದುದರಿಂದ ಧ್ರುವದ ಕಪ್ಪು ಕಲೆಗಳಿಗೆ ಒಂದರ ಮೇಲೊಂದು ಸಾಕ್ಷಿಯನ್ನು ಕೇಳಿದರು. ೨೦೦೮ರಲ್ಲಿ, ದಕ್ಷಿಣಧ್ರುವದ ಬಳಿಯ ಒಂಟೇರಿಯೊ ಎಂಬ ಸರೋವರದ ಬೆಳಕನ್ನು ಬಿಡಿಸಿ ನೋಡಿದವರು ಅದರಲ್ಲಿ ಈಥೇನ್ ದ್ರವವನ್ನು ಗುರುತಿಸಿದರು. ೨೦೦೯ರ ಜುಲೈ ೮ರಂದು ಉತ್ತರದ ಸರೋವರವೊಂದರಿಂದ ಸೂರ್ಯನ ಪ್ರತಿಬಿಂಬವೇ ಮಿಂಚಿತು; ಸಂಜೆಯ ಕೆರೆಯಲ್ಲಿ ಸೂರ್ಯನು ಮಿಂಚುವಂತೆ. ೨೦೧೩ರ ಮೇ ತಿಂಗಳಲ್ಲಿ ರೇಡಾರನ್ನು ನೇರವಾಗಿ ಕೆಳಮುಖವಾಗಿ ಹಿಡಿದು ಲಿಜಿಯಾ ಎಂಬ ಸಮುದ್ರದ ಮೇಲೆ ಸಾಗಿದಾಗ, ಒಂದು ಮಾರ್ದನಿಯ ಹಿಂದೆಯೇ ಇನ್ನೊಂದು ಕ್ಷೀಣವಾದ ಮಾರ್ದನಿ ಬಂದಿತು. ಮೊದಲನೆಯದು ಮೇಲ್ಮೈಯದು, ಎರಡನೆಯದು ತಳದ್ದು. ನಡುವಿನ ಅಂತರದಿಂದ ಆಳವು ೧೬೦ ಮೀಟರಿನಷ್ಟೆಂದು ಎಣಿಸಿದರು. ಅಲೆಯು ಅಷ್ಟು ಆಳಕ್ಕೆ ಇಳಿದು ಮೇಲೆ ಬರಬೇಕಾದರೆ ದ್ರವವು ಬಹುಮಟ್ಟಿಗೆ ನಿರ್ಮಲವಾದ ಮೀಥೇನೇ ಆಗಿರಬೇಕು. ಮರಳಿಗೆ ಹೀಗೆ ಎರಡು ಮಾರ್ದನಿಗಳಿರುವುದಿಲ್ಲ, ಬತ್ತಿದ ತಳಕ್ಕೂ ಇರುವುದಿಲ್ಲ. ಕ್ರಾಕನ್ ಎಂಬ ಇನ್ನೊಂದು ಸಮುದ್ರವು ಕ್ಯಾಸ್ಪಿಯನ್ನಿಗಿಂತಲೂ ವಿಸ್ತಾರವಾದುದು. ೧೯೮೩ರ ತರ್ಕವು ಕೇಳಿದ ಸಮುದ್ರವು ಹೀಗೆ ಇಪ್ಪತ್ತಮೂರು ವರ್ಷಗಳ ಮೇಲೆ, ಬಹಳ ಚಿಕ್ಕದಾಗಿ, ಧ್ರುವಗಳಲ್ಲಿ ದೊರೆತಂತಾಯಿತು.

ಮಳೆಯನ್ನೂ ಹಿಡಿದುದುಂಟು. ೨೦೧೦ರ ಸೆಪ್ಟೆಂಬರ್ ೨೭ರಂದು ನಡುಗಟ್ಟಿನ ಹತ್ತಿರ ಬಾಣದ ಮೊನೆಯ ಆಕಾರದ ದೊಡ್ಡ ಮೋಡವು ಕಂಡಿತು. ಆಮೇಲೆ ತೆಗೆದ ಚಿತ್ರಗಳಲ್ಲಿ ಆ ಕಡೆಯ ಸುಮಾರು ಐದು ಲಕ್ಷ ಚದರ ಕಿಲೋಮೀಟರು ನೆಲವು ಕಪ್ಪಾಗಿದ್ದಿತು. ತಿಂಗಳುಗಳು ಕಳೆದಂತೆ ಬಹುಭಾಗವು ಪುನಃ ಬೆಳ್ಳಗಾಯಿತು. ಮೊದಲ ಮುಂಗಾರಿನಲ್ಲಿ ಕೆಂಪು ಹೊಲವು ತೊಯ್ದು ಕಪ್ಪಾಗಿ, ಬಿಸಿಲಿಗೆ ಮತ್ತೆ ಬಣ್ಣ ತಿರುಗುವುದನ್ನು ಕಂಡ ರೈತನು ಇದನ್ನು ಒಂದೇ ನೋಟಕ್ಕೆ ಓದುತ್ತಿದ್ದನು. ಇದಕ್ಕೆ ಪ್ರತಿಯಾಗಿ, ೨೦೧೩ರ ಜುಲೈ ೧೦ರಂದು ಲಿಜಿಯಾ ಸಮುದ್ರದಲ್ಲಿ ಹಿಂದೆ ಇಲ್ಲದ ಒಂದು ಬೆಳ್ಳಗಿನ ಕಲೆ ಕಂಡು, ಹದಿನಾರು ದಿನಗಳ ಮೇಲೆ ನೋಡಲು ಮಾಯವಾಗಿದ್ದಿತು. ಅಲೆಗಳೆಂದು ಕೆಲವರು, ತಳದಿಂದೆದ್ದ ಗುಳ್ಳೆಗಳೆಂದು ಕೆಲವರು, ತೇಲುವ ಪದಾರ್ಥವೆಂದು ಮತ್ತೆ ಕೆಲವರು. ಎರಡನೆಯ ಸಾಕ್ಷಿಯಿಲ್ಲದುದರಿಂದ ಈ ವ್ಯಾಜ್ಯವು ತೀರ್ಮಾನವಾಗಿಲ್ಲ, ತೀರ್ಮಾನವಾಗದಿರುವುದೇ ಸರಿ.

ಹೈಗೆನ್ಸ್ ಯಂತ್ರವು ನೆಲದ ಮೇಲೆ ಕುಳಿತು ಒಂದು ಗಂಟೆಗೂ ಹೆಚ್ಚುಕಾಲ ಒಂದೇ ನೋಟದ ಚಿತ್ರವನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದಿತು. ಕಲ್ಲುಗಳು ಅಲುಗಲಿಲ್ಲ, ಚಿತ್ರಗಳೂ ಬದಲಾಗಲಿಲ್ಲ. ಅವು ಒಂದರ ನಕಲು ಒಂದೆಂದು ಬಹಳ ಮಂದಿ ಬದಿಗಿಟ್ಟರು. ಎರಿಕ್ ಕಾರ್ಕೊಷ್ಕ ಎಂಬವರು ಮಾತ್ರ ಅವನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಒಂದು ಚಿತ್ರದಲ್ಲಿ, ಒಂದರಲ್ಲಿ ಮಾತ್ರ, ಹಿಂದೂ ಮುಂದೂ ಇಲ್ಲದ ಒಂದು ಬೆಳಕಿನ ಮಚ್ಚೆ ಇದ್ದಿತು. ಯಂತ್ರದ ಬಿಸಿಗೆ ಹಸಿನೆಲದಿಂದೆದ್ದ ಮೀಥೇನಿನ ಆವಿಯು ಪೆಟ್ಟಿಗೆಯ ತಣ್ಣನೆಯ ಅಂಚಿನಲ್ಲಿ ಹನಿಗಟ್ಟಿ, ದೀಪದ ಬೆಳಕಿನಲ್ಲಿ ಮಿನುಗುತ್ತ ಕೆಳಗೆ ಬಿದ್ದ ಕ್ಷಣವದು ಎಂದು ಅವರೂ ಟೊಮಾಸ್ಕೊ ಅವರೂ ೨೦೦೯ರಲ್ಲಿ ವಾದಿಸಿದರು. ಭೂಮಿಯಾಚೆ ಮನುಷ್ಯನ ಯಂತ್ರವು ಕಂಡ ಇಬ್ಬನಿಯ ಹನಿ. ನೆಲವು ಹಸಿಯಾಗಿದ್ದುದನ್ನು ಅನಿಲದ ಉಪಕರಣವು ಮೊದಲೇ ಸಾರಿದ್ದಿತಾದ್ದರಿಂದ ಈ ಒಂದು ಮಚ್ಚೆಯ ಮಾತನ್ನು ನಂಬುವುದಕ್ಕೆ ಆಧಾರವಾಯಿತು.

ಈ ಓದುಗಳು ಕೇವಲ ಪಂಡಿತರ ವಿನೋದಕ್ಕಾಗಿ ಉಳಿದಿಲ್ಲ. ಅಮೆರಿಕೆಯ ನಾಸಾ ಸಂಸ್ಥೆಯು ಡ್ರಾಗನ್‌ಫ್ಲೈ ಎಂಬ ಹಾರುವ ಯಂತ್ರವನ್ನು ೨೦೨೮ರಲ್ಲಿ ಕಳುಹಿಸಲು ಗೊತ್ತುಮಾಡಿದೆ. ೨೦೩೪ರಲ್ಲಿ ಅದು ಟೈಟನ್ನನ್ನು ಸೇರಬೇಕು. ಎಂಟು ರೆಕ್ಕೆಚಕ್ರಗಳಿಂದ ಆ ದಟ್ಟ ಗಾಳಿಯಲ್ಲಿ ಹಾರಿ, ಇಳಿದು, ಮತ್ತೆ ಹಾರುವ ಯಂತ್ರ ಅದು. ಅದು ಮೊದಲು ಇಳಿಯಲು ಆರಿಸಿರುವ ಸ್ಥಳವು ಸೆಲ್ಕ್ ಎಂಬ ದೊಡ್ಡ ಕುಳಿಯ ದಕ್ಷಿಣಕ್ಕೆ, ಶಾಂಗ್ರಿಲಾ ಎಂಬ ಮರಳು ದಿಣ್ಣೆಗಳ ಸೀಮೆಯಲ್ಲಿ. ಹಿಂದೆ ಸಮುದ್ರವೆಂದು ಎಣಿಸಿದ್ದ ಕಪ್ಪು ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿ ದಿಣ್ಣೆಗಳ ನಡುವೆ ಸಮತಲವಾದ ಗಟ್ಟಿನೆಲವಿರುವುದೆಂಬ ನಂಬಿಕೆಗೆ ಮುಖ್ಯ ಆಧಾರವು ಕ್ಯಾಸಿನಿಯ ಚಿತ್ರಗಳೇ. ಆ ರೇಡಾರ್ ಚಿತ್ರಗಳು ಎಷ್ಟೇ ಒಳ್ಳೆಯವಾದರೂ ಮುನ್ನೂರು ಮೀಟರಿಗಿಂತ ಚಿಕ್ಕದಾದುದನ್ನು ತೋರಿಸಲಾರವು; ಯಂತ್ರವೋ ಒಂದು ಚಿಕ್ಕ ಮೋಟಾರುಗಾಡಿಯಷ್ಟು ದೊಡ್ಡದು. ಆ ಒಂದು ಚುಕ್ಕೆಯೊಳಗೆ ಕಲ್ಲಿದೆಯೋ ಹಳ್ಳವಿದೆಯೋ ಎಂಬುದನ್ನು, ಭೂಮಿಯಿಂದ ಉತ್ತರ ಬರುವಷ್ಟು ಹೊತ್ತು ಕಾಯಲು ಎಡೆಯಿಲ್ಲದೆ, ಇಳಿಯುತ್ತಿರುವ ಆ ಕೆಲವು ನಿಮಿಷಗಳಲ್ಲಿ ಯಂತ್ರವು ತಾನೇ ನೋಡಿ ನಿರ್ಣಯಿಸಬೇಕಾಗಿದೆ.